ಮೊಳೆಗೆ ನೇತುಹಾಕಿದ ಕೈಗವಸು

ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡಲು ಹೋದಾಗ ಕಿವಿಯಕ್ಕನ ಬಲಗೈ ಹೆಬ್ಬೆರಳು ಮತ್ತೆ ಬಿರಿಯಿತು. ರಕ್ತ ಹೆಚ್ಚೇನೂ ಬರಲಿಲ್ಲ. ಬರುವುದಕ್ಕೆ ಅಲ್ಲಿ ಚರ್ಮವಾದರೂ ಎಷ್ಟು ಉಳಿದಿತ್ತು. ಅವಳು ಬಟ್ಟೆಯನ್ನು ಹಿಂಡದೆ ಹಾಗೇ ಹಗ್ಗದ ಮೇಲೆ ಎಸೆದಳು. ನೀರು ತೊಟ್ಟಿಕ್ಕಿ ಬಾಗಿಲ ಮುಂದೆ ಕೆಸರಾಯಿತು.

"ಹಿಂಡೋಕಾಗಲ್ವಾ ನಿಂಗೆ?" ಒಳಗಿನಿಂದ ಗಂಡ ಕೇಳಿದ.

"ಬಿಸಿಲೇ ಹಿಂಡ್ಕೊಳ್ಳುತ್ತೆ ಬಿಡಿ."

ಅವನು ಬಸ್ ನಿಲ್ದಾಣದ ಕೂಲಿ. ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಗೆ ಬಂದವನು ಅವಳ ಕೈ ನೋಡಿದ, ಮತ್ತೆ ಹಗ್ಗದ ಕಡೆ ನೋಡಿದ, ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹಿಂಡಿ ಹಾಕಿದ. ಬಸ್ಸು ತಪ್ಪಿದರೆ ಸಾಮಾನೂ ತಪ್ಪುತ್ತದೆ ಎಂದು ಗೊಣಗಿಕೊಳ್ಳುತ್ತಲೇ ಹಿಂಡಿದ.

ಕಿವಿಯಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಕೆಲಸದಿಂದ. ಪ್ಲಾಸ್ಟಿಕ್ ಚೂರನ್ನು ಎರಡು ಬೆರಳಲ್ಲಿ ಹಿಸುಕಿ ಕಿವಿಯ ಹತ್ತಿರ ಹಿಡಿದರೆ ಸಾಕು, ಯಾವ ಜಾತಿಯ ಪ್ಲಾಸ್ಟಿಕ್ಕು, ಯಾವ ಚೀಲಕ್ಕೆ ಹೋಗಬೇಕು ಎಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದಳು. ಹಾಲಿನ ಕವರು ಮೆತ್ತಗೆ ಸದ್ದು ಮಾಡುತ್ತದೆ. ಬಿಸ್ಕತ್ತಿನ ಹೊದಿಕೆ ಚರಚರ ಅನ್ನುತ್ತದೆ. ಕೆಲವು ಸದ್ದೇ ಮಾಡುವುದಿಲ್ಲ, ಅವನ್ನು ಬೆರಳ ತುದಿಯಲ್ಲಿ ಉಜ್ಜಿ ತಿಳಿಯಬೇಕು. ಈಗ ಎರಡು ತಿಂಗಳಿಂದ ಆ ಬೆರಳ ತುದಿಗೆ ಏನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಮರದ ಚಕ್ಕೆಯಿಂದ ಮುಟ್ಟಿದ ಹಾಗೆ.

ಕ್ಲಿನಿಕ್ಕಿನ ಡಾಕ್ಟರಮ್ಮ ಹಿಂದಿನ ವಾರ ನೇರವಾಗಿಯೇ ಹೇಳಿದ್ದರು. "ಇದು ಕಾಸ್ಟಿಕ್ ತಿಂದಿರೋ ಕೈ. ಇನ್ನಾರು ತಿಂಗಳು ಹೀಗೇ ಬಿಟ್ರೆ ಬಲಗೈ ಬೆರಳಿಗೆ ಮುಟ್ಟಿದ್ದು ಗೊತ್ತಾಗೋದೇ ನಿಂತು ಹೋಗುತ್ತೆ. ಕೆಲಸ ಬಿಡಿ, ಇಲ್ಲಾ ಕೈ ಮುಚ್ಚಿ."

ಎರಡೂ ಆಗುವ ಮಾತಾಗಿರಲಿಲ್ಲ.

ಅವಳು ದುಡಿಯುವ ಶೆಡ್ಡು ಒಂದು ಕಂಪನಿಯದು. ಊರಿನ ಪ್ಲಾಸ್ಟಿಕ್ ಕಸ ಅಲ್ಲಿಗೆ ಬರುತ್ತದೆ. ಮೂವತ್ತೆರಡು ಹೆಂಗಸರು ಅದನ್ನು ಬೇರ್ಪಡಿಸುತ್ತಾರೆ. ಬಾಟಲಿಗಳನ್ನು, ಕೊಳೆಯ ಜೊತೆ ಚರ್ಮವನ್ನೂ ತಿನ್ನುವ ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅಂಟಿದ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಯಂತ್ರ ಅವನ್ನು ಚೂರು ಮಾಡುತ್ತದೆ.

ಕಂಪನಿ ಬರುವ ಮೊದಲು ಕಿವಿಯಕ್ಕ ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ಬೀದಿಯಲ್ಲಿ ಕಸ ಆಯುತ್ತಿದ್ದಳು. ನಾಯಿ ಅಟ್ಟಿಸಿಕೊಂಡು ಬರುತ್ತಿತ್ತು, ಗುಜರಿಯವನು ತಕ್ಕಡಿಯಲ್ಲಿ ಮೋಸ ಮಾಡುತ್ತಿದ್ದ. ಶೆಡ್ಡಿನಲ್ಲಿ ತಲೆಯ ಮೇಲೆ ಸೂರಿದೆ, ತಿಂಗಳಾದರೆ ಸಂಬಳವಿದೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕಕ್ಕಸಿದೆ. ಇದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ. ಚಿಲಕವಿರುವ ಕಕ್ಕಸು ಎಂದರೆ ಏನು ಎಂಬುದು ಮೂವತ್ತು ವರ್ಷ ಅದಿಲ್ಲದೆ ದುಡಿದವರಿಗೆ ಮಾತ್ರ ಗೊತ್ತು.

ಕೈಗವಸು ಕೂಡ ಇತ್ತು. ಅದೇ ತಮಾಷೆ. ಕಂಪನಿ ಮೊದಲ ವರ್ಷವೇ ಮೂವತ್ತೆರಡು ಜೊತೆ ದಪ್ಪ ರಬ್ಬರಿನ ಕೈಗವಸು ತಂದು ಕೊಟ್ಟಿತ್ತು. ಎಲ್ಲವೂ ಒಂದೇ ಅಳತೆ, ಗಂಡಸರ ಅಳತೆ. ಹೆಂಗಸರ ಕೈ ಹಾಕಿದರೆ ಬೆರಳ ತುದಿಯಲ್ಲಿ ಎರಡು ಗಿಣ್ಣಿನಷ್ಟು ಖಾಲಿ ಉಳಿಯುತ್ತಿತ್ತು. ಚೀಟಿ ಹಿಡಿಯಲು ಆಗುತ್ತಿರಲಿಲ್ಲ. ಬಗ್ಗಿದರೆ ಕೈಗವಸಿನ ಬಾಯಿಯಿಂದ ಕಾಸ್ಟಿಕ್ ನೀರು ಒಳಗೆ ಹೋಗಿ, ಕೈ ಅದರಲ್ಲೇ ನೆನೆಯುತ್ತಿತ್ತು. ಎರಡನೇ ದಿನವೇ ಎಲ್ಲರೂ ಬಿಚ್ಚಿಟ್ಟರು. ದುಬಾರಿ ವಸ್ತು, ಹಾಳಾಗಬಾರದಲ್ಲ. ತೊಳೆದು, ಒರೆಸಿ, ಪುಡಿ ಹಾಕಿ, ಗೋಡೆಯ ಉದ್ದಕ್ಕೆ ಮೊಳೆ ಹೊಡೆದು ನೇತುಹಾಕಿದರು. ಯಾರಾದರೂ ನೋಡಲು ಬಂದ ದಿನ ಹಾಕಿಕೊಳ್ಳುತ್ತಿದ್ದರು. ಮನೆಗೆ ನೆಂಟರು ಬಂದಾಗ ಹೊಸ ಚಾಪೆ ಹಾಸುವುದಿಲ್ಲವೇ, ಹಾಗೆ.

ಕಂಪನಿಗೆ ದುಡ್ಡು ಹಾಕಿದವರ ಕಡೆಯಿಂದ ನೋಡಲು ಬರುವವರು ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಹೆಚ್ಚಾಗಿ ಒಬ್ಬಳೇ ಹುಡುಗಿ, ಕೈಯಲ್ಲಿ ಟ್ಯಾಬ್ ಹಿಡಿದು ಇಪ್ಪತ್ತೆರಡು ಪ್ರಶ್ನೆ ಕೇಳುವವಳು. ಹೆಂಗಸರು ಅವಳಿಗೆ ಪ್ರಶ್ನೆ ಹುಡುಗಿ ಎಂದೇ ಹೆಸರಿಟ್ಟಿದ್ದರು. ಮೂರು ಸಲ ಬಂದಿದ್ದಳು. ಮೂರು ಸಲವೂ ಮೂವತ್ತೆರಡು ಹೆಂಗಸರು ತೊಳೆದ ಕೈಗವಸು ಹಾಕಿಕೊಂಡು "ತುಂಬಾ ಚೆನ್ನಾಗಿದೆ" ಎಂದಿದ್ದರು. ಕಂಪನಿಯ ಪುಸ್ತಕದಲ್ಲಿ ಕಿವಿಯಕ್ಕನ ಫೋಟೋ ಇದೆ. ಹಳದಿ ಕೈಗವಸು ಹಾಕಿಕೊಂಡು ನಗುತ್ತಿದ್ದಾಳೆ. ಒಳಗೆ ಕೈ ಸುಡುತ್ತಿದ್ದದ್ದು ಫೋಟೋದಲ್ಲಿ ಬೀಳುವುದಿಲ್ಲ.

ಆ ಸೋಮವಾರ ಮೇಸ್ತ್ರಿ ಎಲ್ಲರನ್ನೂ ಕರೆದು ಹೇಳಿದ. "ಗುರುವಾರ ಪ್ರಶ್ನೆಯವರು ಬರ್ತಾರೆ. ತೊಟ್ಟಿ ನೀರು ಬದಲಾಯಿಸಿ, ಗ್ಲೌಸು ಒರೆಸಿ ಇಡಿ. ಏನು ಹೇಳ್ಬೇಕು ಅಂತ ನಿಮಗೇ ಗೊತ್ತಲ್ಲ."

"ಗೊತ್ತು ಕಣಪ್ಪ, ಬಾಯಿಪಾಠ ಆಗಿದೆ," ಅಂದಳು ಗೊಣಗಮ್ಮ. ಅವಳು ಕಿವಿಯಕ್ಕನ ಪಕ್ಕದಲ್ಲೇ ನಿಂತು ಕೆಲಸ ಮಾಡುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ತೊಟ್ಟಿಗೆ, ಬಾಟಲಿಗೆ, ಸೊಂಟಕ್ಕೆ, ಮೇಸ್ತ್ರಿಗೆ ಬಯ್ಯುತ್ತಲೇ ಇರುತ್ತಾಳೆ. ಪ್ರಶ್ನೆ ಹುಡುಗಿ ಬಂದರೆ ಮಾತ್ರ ಅವಳಷ್ಟು ಮೆತ್ತಗೆ ಇನ್ನೊಬ್ಬರಿಲ್ಲ.

ಬುಧವಾರ ಸಂಜೆ ಮೈದುನ ಮನೆಗೆ ಬಂದ. ಕೆಟ್ಟು ಕೂತಿದ್ದ ಟೇಬಲ್ ಫ್ಯಾನು ರಿಪೇರಿ ಮಾಡಿ ತಂದಿದ್ದ. ಮೊದಲು ಅವನು ಸೌರ ದೀಪದ ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಅದು ಮುಚ್ಚಿದ ಮೇಲೆ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾನೆ. ಫ್ಯಾನಿನ ವೈರು ಚುಚ್ಚುತ್ತಾ, ಲೋಟ ಚಾಚಿದ ಅತ್ತಿಗೆಯ ಕೈ ನೋಡಿದ.

"ಅತ್ತಿಗೆ, ಇದೇನು ಕೈಯಾ, ಹಳೇ ಟೈರಾ?"

"ಟೈರಾದ್ರೆ ನಿಮ್ಮಣ್ಣ ಪಂಚರ್ ಹಾಕಿಸ್ತಿದ್ರು. ನೀರು ಕುಡಿ."

ಅವನು ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಕೈ ಹಿಡಿದು ತಿರುಗಿಸಿ ನೋಡಿದ. ಡಾಕ್ಟರಮ್ಮ ಹೇಳಿದ್ದನ್ನು ಅವಳು ಹೇಳಿದಳು. ನಾಳೆ ಪ್ರಶ್ನೆಯವರು ಬರುತ್ತಾರೆ, ಅದಕ್ಕೇ ಇವತ್ತು ಕೈಗವಸು ತೊಳೆದು ಸಾಕಾಯಿತು ಅನ್ನುವುದನ್ನೂ ಹೇಳಿದಳು. ಕೈಗೆ ಹಾಕದ ಕೈಗವಸನ್ನು ಬರಿಗೈಯಲ್ಲಿ ತೊಳೆಯುವ ಮಾತು ಕೇಳಿ ಮೈದುನ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟ.

"ನಾಳೆ ಆ ಹುಡುಗಿಗೆ ಇದನ್ನ ತೋರಿಸಿ."

"ಏನಂತ?"

"ಇದ್ದದ್ದು ಇದ್ದ ಹಾಗೆ. ಗ್ಲೌಸು ಆಗಲ್ಲ, ಕೈ ಹೋಗ್ತಿದೆ ಅಂತ."

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಗಂಡ ನೆಟ್ಟಗಾದ. "ಲೋ, ನೀನು ಫ್ಯಾನು ತಂದ್ಯಾ, ಬೆಂಕಿಪೊಟ್ಟಣ ತಂದ್ಯಾ? ಆ ಹುಡುಗಿ ಹಾಗೇ ಬರ್ಕೊಂಡು ಹೋದ್ರೆ, ದುಡ್ಡು ಹಾಕಿದವರು ಇದು ಕೆಟ್ಟ ಕಂಪನಿ ಅಂತ ದುಡ್ಡು ವಾಪಸ್ ತಗೋತಾರೆ. ಶೆಡ್ಡಿಗೆ ಬೀಗ ಬೀಳುತ್ತೆ. ಇವಳು ಮತ್ತೆ ಚೀಲ ಹೊತ್ಕೊಂಡು ನಾಯಿ ಹಿಂದೆ ಹೋಗ್ಬೇಕಾ?"

"ನಾಯಿ ಮುಂದೆ," ಅಂದಳು ಕಿವಿಯಕ್ಕ. "ಹಿಂದೆ ಬರ್ತಿದ್ದದ್ದು ಅದು."

"ನಗು ನೀನು. ಮನೆ ಉಪ್ಪು ಎಣ್ಣೆ ಬರ್ತಿರೋದು ಎಲ್ಲಿಂದ?"

ಮೈದುನನಿಗೂ ಸಿಟ್ಟು ಬಂದಿತ್ತು, ಆದರೆ ಅದು ಅಣ್ಣನ ಮೇಲಲ್ಲ. ನೆಲ ನೋಡುತ್ತಾ ಮಾತಾಡಿದ. "ಅಣ್ಣ, ನಮ್ಮ ದೀಪದ ಕಂಪನಿ ಯಾಕೆ ಮುಚ್ತು ಗೊತ್ತಾ?"

"ನಷ್ಟ ಆಯ್ತು ಅಂದಿದ್ಯಲ್ಲ."

"ನಷ್ಟ ಯಾಕಾಯ್ತು? ಬ್ಯಾಟರಿ ಎಂಟು ತಿಂಗಳಿಗೇ ಸಾಯ್ತಿತ್ತು. ನಾನು ಮನೆ ಮನೆಗೆ ಹೋಗಿ ನೋಡ್ತಿದ್ದೆ, ದೀಪ ಅಟ್ಟದ ಮೇಲೆ ಬಿದ್ದಿರ್ತಿತ್ತು. ಅಲ್ಲೂ ಹಿಂಗೇ ಒಬ್ಬ ಟ್ಯಾಬ್ ಹಿಡ್ಕೊಂಡು ಬರ್ತಿದ್ದ. ದೀಪ ಹೇಗಿದೆ ಅಂತ ಕೇಳ್ತಿದ್ದ. ಜನ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಚೆನ್ನಾಗಿದೆ ಸ್ವಾಮಿ ಅಂತಿದ್ರು. ಅಷ್ಟು ದೂರದಿಂದ ಬಂದವನಿಗೆ ಬೇಜಾರು ಮಾಡೋದು ಯಾಕೆ ಅಂತ. ಎಲ್ಲ ಚೆನ್ನಾಗಿದೆ ಅಂತ ಓದಿ, ದುಡ್ಡು ಹಾಕಿದವರು ಅದೇ ಬ್ಯಾಟರಿದು ಇನ್ನೂ ಎರಡು ಸಾವಿರ ದೀಪ ಮಾಡ್ಸಿದ್ರು. ಯಾರೂ ಕೊಳ್ಳಲಿಲ್ಲ. ಬೀಗ ಬಿತ್ತು. ನಿಜ ಹೇಳಿದ್ದಕ್ಕಲ್ಲ ಅಣ್ಣ, ಮರ್ಯಾದೆಗೆ ಸುಳ್ಳು ಹೇಳಿದ್ದಕ್ಕೆ. ನಾನೂ ಹೇಳಿದ್ದೆ. ನಂಗೆ ಬ್ಯಾಟರಿ ಕತೆ ಪೂರ್ತಿ ಗೊತ್ತಿತ್ತು."

ಗಂಡ ಚಾಚಿದ್ದ ಕಾಲು ಮಡಚಿಕೊಂಡ.

"ಈ ದುಡ್ಡು ಹಾಕೋರು ಇದ್ದಾರಲ್ಲ," ಮೈದುನ ಮುಂದುವರಿಸಿದ, "ಅವರೇನು ದಾನ ಮಾಡ್ತಿಲ್ಲ. ಹಾಕಿದ ದುಡ್ಡು ವಾಪಸ್ ಬರ್ಬೇಕು, ಮೇಲೆ ಒಂದಿಷ್ಟು ಲಾಭನೂ ಬರ್ಬೇಕು. ಜೊತೆಗೆ ನಮ್ಮ ದುಡ್ಡಿಂದ ಯಾರಿಗೋ ಒಳ್ಳೇದಾಯ್ತು ಅನ್ನೋದೂ ಬೇಕು ಅವರಿಗೆ. ಲಾಭ ಆಯ್ತಾ ಇಲ್ವಾ ಅಂತ ಕಂಪನಿ ಹೇಳುತ್ತೆ. ಒಳ್ಳೇದಾಯ್ತಾ ಇಲ್ವಾ ಅಂತ ಹೇಳ್ಬೇಕಾದವರು ನೀವು ಅತ್ತಿಗೆ. ಇಪ್ಪತ್ತೆರಡು ಪ್ರಶ್ನೆ ಇರೋದು ಅದಕ್ಕೇ. ಅಲ್ಲೂ ಚೆನ್ನಾಗಿದೆ ಅಂದ್ರೆ, ದೂರದಲ್ಲಿ ಕೂತವನಿಗೆ ನಿಮ್ಮ ಬೆರಳು ಕನಸಲ್ಲಿ ಬರುತ್ತಾ?"

ಕಿವಿಯಕ್ಕನಿಗೆ ಮಾತು ಅರ್ಥವಾಗಲಿಲ್ಲ ಎಂದಲ್ಲ. ದಣಿವಾಗಿತ್ತು. ಸುಳ್ಳು ಹೇಳಿದರೆ ಒಂದು ಮಾತಿಗೆ ಮುಗಿಯುತ್ತದೆ. ನಿಜ ಹೇಳಿದರೆ ಆಮೇಲೆ ಅದರ ಹಿಂದೆ ಓಡಾಡಬೇಕು, ಮೇಸ್ತ್ರಿಯ ಮುಖ ನೋಡಬೇಕು, ಜೊತೆಯವರ ಬಾಯಿಗೆ ಬೀಳಬೇಕು. ಹಗಲೆಲ್ಲ ನಿಂತು ಬಂದವಳಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು.

"ನಾನೊಬ್ಬಳು ಹೇಳಿದ್ರೆ ನಾನೇ ಸರಿಯಿಲ್ಲ ಅಂತಾರೆ ಕಣೋ."

"ಒಬ್ಬರೇ ಹೇಳ್ಬೇಡಿ. ಇನ್ನಿಬ್ಬರನ್ನ ಒಪ್ಪಿಸಿ. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ರೆ, ಸ್ವಲ್ಪ ಆಚೆ ಇರಿ ಅಂತ ಕೇಳಿ, ಕೇಳೋಕೆ ಹಕ್ಕಿದೆ. ಬರೀ ಕೆಟ್ಟದಾಗಿದೆ ಅನ್ಬೇಡಿ, ಏನಾಗ್ಬೇಕು ಅಂತ ಹೇಳಿ. ಆಮೇಲೆ ಅವಳು ಬರೆದದ್ದನ್ನ ಓದಿಸಿ ಕೇಳಿಸ್ಕೊಳ್ಳಿ. ಓದಿಸ್ದೆ ಬಿಡ್ಬೇಡಿ."

ಅವನು ಹೋದ ಮೇಲೆ ಗಂಡ ಫ್ಯಾನು ಹಾಕಿ ಅವಳ ಕಡೆ ತಿರುಗಿಸಿದ. "ನಂಗೇನೋ ಭಯ," ಅಂದ. "ನಿನ್ನಿಷ್ಟ."

ಗುರುವಾರ ಬೆಳಿಗ್ಗೆ ಅವಳು ಗೊಣಗಮ್ಮನ ಕಿವಿಯಲ್ಲಿ ಹೇಳಿದಳು. ಗೊಣಗಮ್ಮ ಕೆಳಗಿನಿಂದ ಮೇಲೆ ನೋಡಿದಳು. "ನಿಂಗೆ ಜ್ವರ ಏನಾದ್ರೂ ಬಂದಿದ್ಯಾ? ಅದೂ ಇವತ್ತು?"

"ದಿನಾ ನನ್ನ ಕಿವಿಗೆ ಹೇಳ್ತೀಯಲ್ಲ, ಅದನ್ನೇ ಒಂದ್ಸಲ ಅವಳ ಕಿವಿಗೆ ಹೇಳು ಅಂದೆ."

"ನಿನ್ನ ಕಿವಿ ಬೇರೆ. ಅದು ಸಂಬಳ ಕೊಡಲ್ಲ."

ಮಾತು ಅಲ್ಲಿಗೇ ನಿಂತಿತು. ಎಲ್ಲರೂ ಮೊಳೆಯಿಂದ ಕೈಗವಸು ಇಳಿಸಿದರು.

ಪ್ರಶ್ನೆ ಹುಡುಗಿ ಹತ್ತು ಗಂಟೆಗೆ ಬಂದಳು. ಅವಳ ಕಣ್ಣ ಕೆಳಗೆ ಕಪ್ಪಿತ್ತು. ಹಿಂದಿನ ದಿನವೆಲ್ಲ ಬೇರೆ ಊರಿನಲ್ಲಿ ನೀರಿನ ಕಂಪನಿಯವರನ್ನು ಕೇಳಿ ಮುಗಿಸಿ, ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದಳು. ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತ. ಹನ್ನೊಂದು ಜನ ಹೋಗಿ ಬಂದರು. ಹನ್ನೆರಡನೆಯವಳು ಕಿವಿಯಕ್ಕ.

ಸಂಬಳ ಸರಿಯಾಗಿ ಬರುತ್ತದೆಯೇ? ಬರುತ್ತೆ. ಕಕ್ಕಸು ಇದೆಯೇ? ಇದೆ. ಚೆನ್ನಾಗಿದೆಯೇ? ಚೆನ್ನಾಗಿದೆ. ಇದೆಲ್ಲ ನಿಜವೇ ಆಗಿತ್ತು, ಸಲೀಸಾಗಿ ಬಂತು. ಹುಡುಗಿ ಟ್ಯಾಬಿನಿಂದ ತಲೆ ಎತ್ತುತ್ತಲೇ ಇರಲಿಲ್ಲ.

"ಒಂಬತ್ತನೇದು. ಕೈಗೆ ಗ್ಲೌಸು ಕೊಟ್ಟಿದ್ದಾರಾ?"

"ಕೊಟ್ಟಿದ್ದಾರೆ."

"ಹತ್ತು. ದಿನಾ ಉಪಯೋಗಿಸ್ತೀರಾ?" ಕೇಳುವಾಗಲೇ ಹುಡುಗಿಯ ಬೆರಳು 'ಹೌದು' ಎನ್ನುವ ಚೌಕದ ಮೇಲಿತ್ತು.

ಕೈಗವಸಿನೊಳಗೆ ಬೆವರು ಇಳಿದು ಬಿರಿದ ಹೆಬ್ಬೆರಳಿಗೆ ಉಪ್ಪು ತಾಗಿ ಚುರುಗುಟ್ಟಿತು. ಕಿವಿಯಕ್ಕ ಮೇಸ್ತ್ರಿಯ ಕಡೆ ತಿರುಗಿದಳು. "ನೀವು ಸ್ವಲ್ಪ ಆಚೆ ಹೋಗಿರ್ತೀರಾ? ನಾನೊಬ್ಬಳೇ ಮಾತಾಡ್ಬೇಕು."

ಮೇಸ್ತ್ರಿ ನಕ್ಕ, ತಮಾಷೆ ಎಂದುಕೊಂಡ. ಅವಳು ನಗದೇ ಇದ್ದಾಗ ಹುಡುಗಿಯ ಮುಖ ನೋಡಿದ. ಹುಡುಗಿ ತಲೆ ಆಡಿಸಿದಳು. ಅವನು ಹೋದ. ಹೋಗುವಾಗ ಬಕೆಟ್ಟನ್ನು ಕಾಲಿನಿಂದ ಸರಿಸಿದ ಸದ್ದು ಶೆಡ್ಡಿಗೆಲ್ಲ ಕೇಳಿತು.

"ಉಪಯೋಗಿಸಲ್ಲ ಕಣಮ್ಮ," ಅಂದಳು ಕಿವಿಯಕ್ಕ. "ನೀನು ಬಂದಾಗ ಮಾತ್ರ ಹಾಕ್ಕೋತೀವಿ."

ಒಂದು ಬಾಟಲಿ ತರಿಸಿ, ಕೈಗವಸು ಹಾಕಿಕೊಂಡೇ ಚೀಟಿ ಕೀಳಲು ಹೋದಳು. ಖಾಲಿ ರಬ್ಬರ್ ತುದಿಗಳು ಅತ್ತಿತ್ತ ಮಡಚಿದವು. ಬಾಟಲಿ ಜಾರಿ ಉರುಳಿತು. ಆಮೇಲೆ ಕೈಗವಸು ಬಿಚ್ಚಿ ಎರಡೂ ಅಂಗೈಗಳನ್ನು ಟ್ಯಾಬಿನ ಮೇಲೆ ಇಟ್ಟಳು, ಬೇರೆಲ್ಲೂ ಜಾಗವಿರಲಿಲ್ಲ ಎನ್ನುವಂತೆ.

ಹುಡುಗಿ ತುಂಬಾ ಹೊತ್ತು ನೋಡಿದಳು. "ಮೂರು ವರ್ಷ ಆಯ್ತಮ್ಮ ನಾನು ಈ ಕೆಲಸಕ್ಕೆ ಬಂದು," ಅಂದಳು. "ನನಗೆ ಇಲ್ಲ ಅಂತ ಹೇಳಿದವರು ನೀವೇ ಮೊದಲು. ಎಲ್ಲರೂ ಚೆನ್ನಾಗಿದೆ ಅಂತಾರೆ, ನಾನೂ ಚೆನ್ನಾಗಿದೆ ಅಂತ ಒತ್ತುತ್ತಾ ಹೋಗ್ತೀನಿ."

"ನಿಂಗೂ ಸಾಕಾಗಿರ್ಬೇಕು."

"ಆಗಿದೆ. ಏನಾಗ್ಬೇಕು ಹೇಳಿ."

"ನಮ್ಮ ಕೈ ಅಳತೆಯ ಗ್ಲೌಸು, ಮೊಣಕೈವರೆಗೆ ಬರೋವು. ತೊಟ್ಟಿ ಪಕ್ಕ ಒಳ್ಳೇ ನೀರಿನ ನಲ್ಲಿ, ಕೈ ತೊಳ್ಕೊಳ್ಳೋಕೆ. ಬಾಟಲಿ ಎತ್ತೋಕೆ ಉದ್ದ ಹಿಡಿಯ ಜರಡಿ. ಹೆಚ್ಚೇನೂ ಕೇಳ್ತಿಲ್ಲ."

ಹುಡುಗಿ ಕೊನೆಯಲ್ಲಿದ್ದ 'ಇತರೆ' ಎಂಬ ಖಾಲಿ ಚೌಕದಲ್ಲಿ ಬರೆದಳು, ಕೈಯ ಫೋಟೋ ತೆಗೆದಳು. ಕಿವಿಯಕ್ಕ ಓದಿಸಿದಳು. 'ಸ್ವಲ್ಪ ಅನಾನುಕೂಲ' ಎಂದು ಬರೆದಿತ್ತು. "ಅನಾನುಕೂಲ ಅಲ್ಲಮ್ಮ, ಸುಡುತ್ತೆ ಅಂತ ಬರಿ," ಅಂದಳು. ಹುಡುಗಿ ಅಳಿಸಿ ಬರೆದಳು.

ಹದಿಮೂರನೆಯವಳು ಗೊಣಗಮ್ಮ. ಬಂದವಳೇ ಸ್ಟೂಲಿನ ಮುಂದೆ ಕುಕ್ಕರಿಸಿ, ಕೈಗವಸು ಬಿಚ್ಚಿ ನೆಲಕ್ಕೆ ಹಾಕಿ, "ಅವಳು ಹೇಳಿದ್ದು ಬರ್ಕೊಂಡ್ಯಾ? ನಂದು ಅದಕ್ಕಿಂತ ಉದ್ದ ಇದೆ, ನೀರು ಕುಡಿದು ಕೂತ್ಕೋ," ಅಂದಳು. ಆಮೇಲೆ ಬಂದ ಹತ್ತೊಂಬತ್ತು ಜನರಲ್ಲಿ ಹದಿನಾಲ್ಕು ಜನ ಕೈ ತೋರಿಸಿದರು. ಐದು ಜನ ಚೆನ್ನಾಗಿದೆ ಎಂದೇ ಹೇಳಿದರು. ಅವರ ಮೇಲೆ ಯಾರೂ ಸಿಟ್ಟಾಗಲಿಲ್ಲ. ಭಯ ಎಲ್ಲರ ಮನೆಯಲ್ಲೂ ಇರುತ್ತದೆ.

ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ನಾವೂ 'ತುಂಬಾ ಚೆನ್ನಾಗಿದೆ' ಅಂದ ಹಾಗಾಗುತ್ತದೆ. ಮೇಸ್ತ್ರಿ ಹನ್ನೊಂದು ದಿನ ಕಿವಿಯಕ್ಕನ ಜೊತೆ ಮಾತು ಬಿಟ್ಟ. ಗಂಡ ದಿನಾ ಸಂಜೆ "ಬೀಗ ಬಿತ್ತಾ?" ಎಂದು ಕೇಳುತ್ತಿದ್ದ. ಅವಳು "ನಾಳೆ" ಅನ್ನುತ್ತಿದ್ದಳು. ಅವಳಿಗೂ ಹೆದರಿಕೆಯಿತ್ತು, ತೋರಿಸಿಕೊಳ್ಳಲು ಕೂಡ ಶಕ್ತಿಯಿರಲಿಲ್ಲ.

ಹನ್ನೆರಡನೇ ದಿನ ಕಂಪನಿ ಕಟ್ಟಿದ ಮೇಡಂ ತಾವೇ ಬಂದರು. ಮುಖ ಸಣ್ಣದಾಗಿತ್ತು. "ನನಗೇ ಹೇಳಬಹುದಿತ್ತಲ್ಲ," ಅಂದರು.

"ನೀವು ಬಂದಾಗೆಲ್ಲ ಫೋಟೋದವರು ಜೊತೆಗಿರ್ತಿದ್ರು ಮೇಡಂ. ಯಾವಾಗ ಹೇಳೋದು?"

ಮೇಡಂ ತಲೆಯಾಡಿಸಿ, ಬಂದ ವಿಷಯ ಹೇಳಿದರು. ದುಡ್ಡು ಹಾಕಿದವರು ದುಡ್ಡು ವಾಪಸ್ ಕೇಳಿರಲಿಲ್ಲ. ಕೈಗಳ ಫೋಟೋ ನೋಡಿ ಒಂದು ಕಾಗದ ಕಳಿಸಿದ್ದರು. ಮೂರು ತಿಂಗಳಲ್ಲಿ ಸರಿಮಾಡಿ, ಅದಕ್ಕೆ ಬೇಕಾದ್ದನ್ನು ಕೊಡುತ್ತೇವೆ, ಸರಿಯಾದ ಮೇಲೆಯೇ ನೀವು ಕೇಳಿದ್ದ ಹೊಸ ಯಂತ್ರಕ್ಕೆ ದುಡ್ಡು ಎಂದಿತ್ತು. ಮೇಡಂ ಬ್ಯಾಗಿನಿಂದ ರಟ್ಟು, ಪೆನ್ಸಿಲ್ ತೆಗೆದರು. ಮೂವತ್ತೆರಡು ಹೆಂಗಸರೂ ಸಾಲಾಗಿ ಬಂದು ರಟ್ಟಿನ ಮೇಲೆ ಕೈ ಇಟ್ಟರು. ಮೇಸ್ತ್ರಿಯೇ ಮಂಡಿಯೂರಿ ಒಂದೊಂದು ಕೈಯ ಸುತ್ತಲೂ ಗೆರೆ ಎಳೆದ. ಕಿವಿಯಕ್ಕನ ಸರದಿ ಬಂದಾಗ ಪೆನ್ಸಿಲ್ಲು ಬಿರುಕಿಗೆ ತಾಗದಂತೆ ದೂರದಿಂದ ಎಳೆದ. "ನೋವಾಯ್ತಾ ಅಕ್ಕ?" ಎಂದು ಕೇಳಿದ. ಹನ್ನೊಂದು ದಿನದ ನಂತರದ ಮೊದಲ ಮಾತು ಅದು.

ಕೈಗವಸು ಏಳು ವಾರಕ್ಕೆ ಬಂತು, ಮೂರು ಅಳತೆಯಲ್ಲಿ. ನಲ್ಲಿಯೂ ಬಂತು. ಉದ್ದ ಹಿಡಿಯ ಜರಡಿ ಇನ್ನೂ ಬಂದಿಲ್ಲ, ಕೇಳುತ್ತಲೇ ಇದ್ದಾರೆ. ಡಾಕ್ಟರಮ್ಮ ನೋಡಿ, ಬಲಗೈಯ ಮೂರು ಬೆರಳಿಗೆ ಮುಟ್ಟಿದ್ದು ಗೊತ್ತಾಗುವುದು ವಾಪಸ್ ಬರುತ್ತದೆ, ಎರಡರ ತುದಿ ಹೇಳಲಾಗದು ಎಂದಿದ್ದಾರೆ. ಒಂದು ವರ್ಷ ಮೊದಲೇ ಹೇಳಿದ್ದರೆ ಐದೂ ಉಳಿಯುತ್ತಿದ್ದವು.

ಬೀಗದ ಮಾತು ಗಂಡ ಈಗ ಎತ್ತುವುದಿಲ್ಲ. ಮೊನ್ನೆ ಪಕ್ಕದ ಮನೆಯವಳು, ಒಲೆ ಕೊಟ್ಟ ಕಂಪನಿಯವರು ವಿಚಾರಿಸಲು ಬರುತ್ತಾರೆ, ಒಲೆ ಹೊಗೆ ಕಾರುತ್ತೆ ಅಂತ ಹೇಗೆ ಹೇಳುವುದು ಎಂದು ಅವನ ಹತ್ತಿರವೇ ಕೇಳಿದಳು. "ಹೊಗೆ ಕಾರುತ್ತೆ ಅಂತ ಬಾಯ್ಬಿಟ್ಟು ಹೇಳು ತಾಯಿ," ಅಂದ. "ಹೇಳ್ದೆ ಇದ್ರೆ ಇನ್ನೂ ನೂರು ಮನೆಗೆ ಅದೇ ಒಲೆ ಕೊಡ್ತಾರೆ. ಭಯ ಆದ್ರೆ ನಮ್ಮನೆಯವಳನ್ನ ಜೊತೆಗೆ ಕರ್ಕೊಂಡು ಹೋಗು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ಇಂಥ ಕಂಪನಿ ಬಂದಿರಬಹುದು. ನೀರಿನದೋ ದೀಪದ್ದೋ ಹೊಲಿಗೆಯದೋ ಹಾಲಿನದೋ, ಯಾವುದೇ ಇರಲಿ. ಒಳ್ಳೆಯದು ಮಾಡುತ್ತೇವೆ ಎಂದು ದುಡ್ಡು ಹಾಕಿದವರು ಒಳ್ಳೆಯದಾಯಿತೇ ಎಂದು ಕೇಳಲು ಯಾರನ್ನಾದರೂ ಕಳಿಸುತ್ತಾರೆ. ಕಳಿಸದಿದ್ದರೆ ಯಾಕೆ ಕಳಿಸಿಲ್ಲ ಎಂದು ನೀವೇ ಕೇಳಿ. ಬಂದವರು ನೆಂಟರಲ್ಲ, ಅವರಿಗೆ ಬೇಜಾರಾದರೆ ಆಗಲಿ. ಮೇಲಿನವರು ಪಕ್ಕದಲ್ಲಿ ನಿಂತಿದ್ದರೆ ಆಚೆ ಕಳಿಸಿ, ಇಬ್ಬರು ಮೂವರು ಸೇರಿ ಒಂದೇ ಮಾತು ಹೇಳಿ, ಬರೆದದ್ದನ್ನು ಓದಿಸಿ. ಇದು ಉಪಕಾರ ಮರೆತ ಹಾಗಲ್ಲ. ಅವರು ಹಾಕಿದ್ದು ದುಡ್ಡು, ನೀವು ಹಾಕಿದ್ದು ಮೈ. ದುಡ್ಡು ಹೋದರೆ ಅವರಿಗೆ ಬೇರೆ ದುಡ್ಡಿದೆ.

ಸಂಘದಲ್ಲಿ ಕೂತು ಇದನ್ನು ಓದುತ್ತಿದ್ದರೆ, ಹಾಳೆ ಮಡಚಿ ಏಳಬೇಡಿ. ಪಕ್ಕದಲ್ಲಿ ಕೂತವರನ್ನು ಒಂದು ಮಾತು ಕೇಳಿ: ಕೆಲಸದಲ್ಲಿ ನಿನಗೆ ಎಲ್ಲಿ ನೋಯುತ್ತೆ? ಏನಿಲ್ಲ, ಚೆನ್ನಾಗಿದೆ ಅನ್ನುತ್ತಾರೆ. ಇನ್ನೊಂದು ಸಲ ಕೇಳಿ.